ತೂಕ ಹೆಚ್ಚಿರುವವರ ಮೊದಲ ಓಟ: ಯಾವ ಕ್ರಮ, ಯಾವ ನೆಲ, ಯಾವ ಶೂ

ತೂಕ ಹೆಚ್ಚಿರುವವರು ಓಟ ಶುರುಮಾಡಿ ಕೈಬಿಡುವುದು ಹೆಚ್ಚಾಗಿ ಮೂರನೇ ಇಲ್ಲವೇ ನಾಲ್ಕನೇ ವಾರದಲ್ಲಿ. ಉಸಿರು ಹಿಡಿತಕ್ಕೆ ಬಂದು "ಇನ್ನು ಪರವಾಗಿಲ್ಲ" ಅನ್ನಿಸಿ ಎರಡು ಸುತ್ತು ಜಾಸ್ತಿ ಹಾಕುತ್ತಾರೆ. ಆ ವಾರವೇ ಮಂಡಿಯೋ, ಹಿಮ್ಮಡಿಯೋ, ಮಂಡಿ ಕೆಳಗಿನ ಉದ್ದ ಮೂಳೆಯೋ ಹಿಡಿದುಕೊಳ್ಳುತ್ತದೆ. ಹೃದಯ, ಶ್ವಾಸಕೋಶ, ಸ್ನಾಯು ಇವೆಲ್ಲ ಕೆಲವೇ ವಾರಗಳಲ್ಲಿ ಹೊಸ ಕೆಲಸಕ್ಕೆ ಒಗ್ಗುತ್ತವೆ. ಮೂಳೆಗೂ, ಸ್ನಾಯುವನ್ನು ಮೂಳೆಗೆ ಬಿಗಿಯುವ ರಜ್ಜುಗಳಿಗೂ ಹಾಗೆ ಆಗಲು ತಿಂಗಳುಗಳು ಬೇಕು. ಈ ಅಂತರದಲ್ಲೇ ಪೆಟ್ಟಾಗುವುದು.

ಲೆಕ್ಕ ನೋಡಿ. ನಡೆಯುವಾಗ ಒಂದೊಂದು ಹೆಜ್ಜೆಗೂ ಕಾಲಿನ ಮೇಲೆ ಬೀಳುವ ಭಾರ ಮೈತೂಕದ ಸುಮಾರು 1ರಿಂದ 1.2 ಪಟ್ಟು. ನಿಧಾನ ಓಟದಲ್ಲಿ ಅದು 2ರಿಂದ 2.5 ಪಟ್ಟು. 95 ಕೆ.ಜಿ. ಇರುವವರಿಗೆ ಪ್ರತಿ ಹೆಜ್ಜೆಗೂ 190ರಿಂದ 240 ಕೆ.ಜಿ. ಭಾರ ಒಂದೇ ಕಾಲಿಗೆ, ಒಂದು ಕಿಲೋಮೀಟರಿಗೆ ಸಾವಿರದ ಮುನ್ನೂರರಷ್ಟು ಹೆಜ್ಜೆ. ಹಾಗಂತ ದಪ್ಪಗಿರುವವರು ಓಡಲೇಬಾರದು ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಬಿಡುವು ಕೊಟ್ಟು ಸ್ವಲ್ಪಸ್ವಲ್ಪವೇ ಹೇರಿದ ಭಾರಕ್ಕೆ ಮೂಳೆ ಗಟ್ಟಿಯಾಗುತ್ತದೆ. ಹವ್ಯಾಸಕ್ಕೆ ಓಡುವವರಲ್ಲಿ ಮಂಡಿಸವೆತ ಓಡದವರಿಗಿಂತ ಹೆಚ್ಚಿಲ್ಲ. ಆದ್ದರಿಂದ ಮುಂದಿನ ಎಲ್ಲ ಆಯ್ಕೆಗಳಲ್ಲೂ ನಾವು ಕೇಳುವ ಪ್ರಶ್ನೆ ಒಂದೇ: ಇದನ್ನು ನಿಮ್ಮ ಕಾಲು ನಾಡಿದ್ದು ಮತ್ತೆ ಮಾಡಬಲ್ಲುದೇ? ಉಸಿರಿನ ಮಾತು ಆಮೇಲೆ.

ಹೊರಡುವ ಮುನ್ನ ವೈದ್ಯರೋ, ನೇರ ಮೈದಾನವೋ

ನಲವತ್ತು ದಾಟಿದವರು, ಬಿಪಿ, ಸಕ್ಕರೆ ಕಾಯಿಲೆ, ಥೈರಾಯ್ಡ್ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಕಂಡವರು ಮೊದಲು ವೈದ್ಯರನ್ನೇ ನೋಡಿ. ಬಿಪಿ, ಸಕ್ಕರೆ ಪರೀಕ್ಷೆಗೆ ಜಿಲ್ಲಾಸ್ಪತ್ರೆಯ ಅಸಾಂಕ್ರಾಮಿಕ ರೋಗಗಳ ವಿಭಾಗ ಇಲ್ಲವೇ ಹತ್ತಿರದ ನಮ್ಮ ಕ್ಲಿನಿಕ್ ಸಾಕು. ಕೂತಿದ್ದಾಗಲೇ ಬಿಪಿ 180/110 ದಾಟಿದ್ದರೆ ಓಟವಿರಲಿ, ಬಿರುಸು ನಡಿಗೆಯೂ ಸದ್ಯಕ್ಕೆ ಬೇಡ. ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವುದು, ಆ ಬಿಗಿತ ದವಡೆಗೋ ಎಡತೋಳಿಗೋ ಹರಿಯುವುದು, ತಲೆ ಸುತ್ತಿ ಕಣ್ಣು ಕತ್ತಲೆಯಾಗುವುದು, ಇವುಗಳಲ್ಲಿ ಯಾವುದೇ ಇದ್ದರೂ ಇಸಿಜಿ ಆಗುವವರೆಗೆ ಕಾಯಿರಿ.

ಮಾತ್ರೆಗಳ ವಿಷಯ ಬಹಳ ಜನರಿಗೆ ತಿಳಿದಿರುವುದಿಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ಓಟದ ನಡುವೆ ಸಕ್ಕರೆ ಕುಸಿಯಬಹುದು. ಹೊರಡುವ ಮುನ್ನ ಗ್ಲೂಕೋಮೀಟರಿನಲ್ಲಿ 100ಕ್ಕಿಂತ ಕಡಿಮೆ ತೋರಿಸಿದರೆ ಒಂದು ಬಾಳೆಹಣ್ಣು ತಿಂದು ಕಾಲು ಗಂಟೆ ಬಿಟ್ಟು ಹೊರಡಿ. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಭಯ ತೀರಾ ಕಡಿಮೆ. ಬಿಪಿಗೆಂದು ಅಟೆನೊಲಾಲ್, ಮೆಟೊಪ್ರೊಲಾಲ್ ನುಂಗುವವರ ನಾಡಿ ಎಷ್ಟು ದುಡಿದರೂ ಹೆಚ್ಚು ಏರುವುದಿಲ್ಲ. ಅಂಥವರು ವಾಚಿನ ನಾಡಿಲೆಕ್ಕ ನಂಬಬಾರದು, ಮಾತಾಡಲು ಆಗುತ್ತದೆಯೇ ಎಂಬುದನ್ನೇ ಅಳತೆ ಮಾಡಿಕೊಳ್ಳಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿರುವವರು ಪ್ರತಿ ಓಟದ ನಂತರ ಕಾಲು ತೊಳೆದು ಬೆರಳ ಸಂದಿ, ಅಂಗಾಲು ನೋಡಿಕೊಳ್ಳಿ. ಗುಳ್ಳೆ ಎದ್ದರೂ ಅವರಿಗೆ ನೋಯುವುದಿಲ್ಲ.

ತುಮಕೂರು, ಕೋಲಾರದ ನಮ್ಮ ಕಡೆಗೆ ಸೇರಿದ ಇನ್ನೊಂದು ಎಚ್ಚರ ಇದೆ. ಪಾವಗಡ, ಶಿರಾ ಕಡೆಯ ಹಳ್ಳಿಗಳಲ್ಲಿ, ಹಾಗೆಯೇ ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಊರುಗಳಲ್ಲಿ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನೇ ಕುಡಿದು ಬೆಳೆದವರಲ್ಲಿ ಸೊಂಟ, ಕುತ್ತಿಗೆ, ಮಂಡಿ ಬಿಗಿದುಕೊಂಡಿರುವುದುಂಟು. ಹಲ್ಲಿನ ಮೇಲೆ ಕಂದು ಕಲೆ ಇದ್ದು ಬೆಳಗ್ಗೆ ಬೆನ್ನು ಬಾಗಲು ಕಷ್ಟವಾಗುವವರು ಅದನ್ನು ಬರೀ ತೂಕದ ನೋವು ಎಂದುಕೊಂಡು ಓಟಕ್ಕೆ ಇಳಿಯಬೇಡಿ. ಮೊದಲು ಮೂಳೆ ವೈದ್ಯರಿಗೆ ತೋರಿಸಿ.

ಶುರುಮಾಡುವ ಕ್ರಮ: ಐದು ದಾರಿ

ಮೊದಲನೆಯದು, ಆರೆಂಟು ವಾರ ಬರೀ ನಡಿಗೆ. ಎರಡನೆಯದು, ಅರ್ಧ ನಿಮಿಷ ಓಡಿ ಎರಡು ನಿಮಿಷ ನಡೆಯುವ ಕ್ರಮ. ಮೂರನೆಯದು, ಮೊಬೈಲ್ ಆ್ಯಪ್‌ಗಳಲ್ಲಿ ಸಿಗುವ "ಕೌಚ್ ಟು 5ಕೆ", ಅಂದರೆ ಒಂಬತ್ತು ವಾರದಲ್ಲಿ ಐದು ಕಿಲೋಮೀಟರ್. ನಾಲ್ಕನೆಯದು, ನಿಲ್ಲಿಸದೆ ತೀರಾ ನಿಧಾನವಾಗಿ ಓಡುವುದು. ಐದನೆಯದು, ಮೊದಲು ಸೈಕಲ್ ಅಥವಾ ಈಜು, ಓಟ ಆಮೇಲೆ.

ಬರೀ ನಡಿಗೆಯನ್ನು ಜನ ಕೀಳಾಗಿ ನೋಡುತ್ತಾರೆ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 35 ದಾಟಿದವರಿಗೆ ನಮ್ಮ ಸಲಹೆ ಅದೇ. 165 ಸೆಂ.ಮೀ. ಎತ್ತರದವರಿಗೆ 82 ಕೆ.ಜಿ. ಎಂದರೆ ಬಿಎಂಐ 30, 95 ಕೆ.ಜಿ. ಎಂದರೆ 35. ನಡಿಗೆಯಾದರೂ ಅಡ್ಡಾಡುವಂತಿರಬಾರದು. ಗಂಟೆಗೆ ಐದೂವರೆ ಕಿಲೋಮೀಟರ್ ವೇಗಕ್ಕೆ ಬರಬೇಕು, ಅಂದರೆ 400 ಮೀಟರಿನ ಒಂದು ಸುತ್ತು ಸುಮಾರು 4 ನಿಮಿಷ 20 ಸೆಕೆಂಡಿನಲ್ಲಿ. ಮೊದಲ ವಾರ ದಿನಕ್ಕೆ 15 ನಿಮಿಷ, ವಾರಕ್ಕೆ ಐದು ದಿನ. ಪ್ರತಿ ವಾರ ಐದು ನಿಮಿಷ ಹೆಚ್ಚಿಸಿ 40 ನಿಮಿಷಕ್ಕೆ ನಿಲ್ಲಿಸಿ. ಇಲ್ಲಿ ಕೆಡುವುದು ಒಂದೇ ವಿಷಯ: ಜೊತೆಗಾರರೊಡನೆ ಹರಟುತ್ತಾ ವೇಗ ಇಳಿದುಹೋಗಿ ತಿಂಗಳು ಕಳೆದರೂ ದೇಹಕ್ಕೆ ಹೊಸ ಕೆಲಸವೇ ಸಿಕ್ಕಿರುವುದಿಲ್ಲ.

ಓಟಕ್ಕೆ ಕಾಲು ಸಿದ್ಧವೇ ಎಂದು ತಿಳಿಯಲು ಮನೆಯಲ್ಲೇ ನಾಲ್ಕು ಪರೀಕ್ಷೆ ಮಾಡಬಹುದು. 30 ನಿಮಿಷ ಬಿರುಸಾಗಿ ನಡೆದು ಮರುದಿನ ಬೆಳಗ್ಗೆ ನೋವಿಲ್ಲದೆ ಏಳಬೇಕು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಬೇಕು. ಒಂಟಿ ಕಾಲಿನಲ್ಲಿ 20 ಸೆಕೆಂಡ್ ನಿಲ್ಲಬೇಕು, ಎರಡೂ ಕಡೆ. ಗೋಡೆಗೆ ಬೆರಳು ತಾಗಿಸಿಕೊಂಡು ಎರಡೂ ಹಿಮ್ಮಡಿಯನ್ನು 15 ಸಲ ಪೂರ್ತಿ ಎತ್ತಿ ಇಳಿಸಬೇಕು. ಯಾವುದಾದರೂ ಒಂದರಲ್ಲಿ ಸೋತರೆ ನಡಿಗೆಯನ್ನು ಮುಂದುವರಿಸಿ, ಸೋತ ಪರೀಕ್ಷೆಯನ್ನೇ ದಿನ ಬಿಟ್ಟು ದಿನ ವ್ಯಾಯಾಮವಾಗಿ ಮಾಡಿ.

ಪರೀಕ್ಷೆ ಗೆದ್ದವರಿಗೆ, ಅದರಲ್ಲೂ ಬಿಎಂಐ 30ರಿಂದ 35ರ ನಡುವಿನವರಿಗೆ, ನಾವು ಮುಂದಿಡುವುದು ಎರಡನೇ ದಾರಿ. ವಾರಕ್ಕೆ ಮೂರೇ ದಿನ, ನಡುವೆ ಒಂದು ದಿನ ಬಿಡುವು. ಪ್ರತಿ ಸಲವೂ ಮೊದಲು ಎಂಟು ನಿಮಿಷ ನಡಿಗೆ, ಕೊನೆಗೆ ಐದು ನಿಮಿಷ ನಡಿಗೆ. ನಡುವಿನ ಭಾಗ ಹೀಗೆ:

1ನೇ ವಾರ: 30 ಸೆಕೆಂಡ್ ಓಟ, 2 ನಿಮಿಷ ನಡಿಗೆ, 6 ಸಲ.
2ನೇ ವಾರ: 30 ಸೆಕೆಂಡ್ ಓಟ, ಒಂದೂವರೆ ನಿಮಿಷ ನಡಿಗೆ, 8 ಸಲ.
3ನೇ ವಾರ: 45 ಸೆಕೆಂಡ್ ಓಟ, ಒಂದೂವರೆ ನಿಮಿಷ ನಡಿಗೆ, 8 ಸಲ.
4ನೇ ವಾರ: ಹಗುರ ವಾರ. ಎರಡೇ ದಿನ, 2ನೇ ವಾರದಂತೆ.
5ನೇ ವಾರ: 1 ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, 8 ಸಲ.
6ನೇ ವಾರ: ಒಂದೂವರೆ ನಿಮಿಷ ಓಟ, ಅಷ್ಟೇ ನಡಿಗೆ, 7 ಸಲ.
7ನೇ ವಾರ: 2 ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, 6 ಸಲ.
8ನೇ ವಾರ: ಹಗುರ ವಾರ. ಎರಡೇ ದಿನ, 5ನೇ ವಾರದಂತೆ.

ಅಲ್ಲಿಂದ ಮುಂದೆ ವಾರಕ್ಕೊಮ್ಮೆ ಓಟದ ತುಂಡನ್ನು ಒಂದು ನಿಮಿಷ ಬೆಳೆಸಿ, ತುಂಡುಗಳ ಸಂಖ್ಯೆ ಇಳಿಸುತ್ತಾ ಹೋಗಿ. ಒಟ್ಟು ಓಟ 20 ನಿಮಿಷ ಆಗುವಲ್ಲಿಗೆ ಹನ್ನೆರಡರಿಂದ ಹದಿನಾರು ವಾರ ಹಿಡಿಯುತ್ತದೆ. ಮೊದಲ ವಾರದಲ್ಲಿ ಓಡುವ ಒಟ್ಟು ದೂರ ಒಂದು ಕಿಲೋಮೀಟರ್ ಆಸುಪಾಸು ಮಾತ್ರ. ಏನೂ ಮಾಡಿದಂತೆ ಅನ್ನಿಸುವುದಿಲ್ಲ, ಅದೇ ಸರಿಯಾದ ಲಕ್ಷಣ. ಬಿಎಂಐ 30 ದಾಟಿದ ಹೊಸಬರು ಮೊದಲ ವಾರ ಏನೇ ಆದರೂ ಮೂರು ಕಿಲೋಮೀಟರಿಗಿಂತ ಹೆಚ್ಚು ಓಡಬಾರದು.

ಕೌಚ್ ಟು 5ಕೆ ಒಳ್ಳೆಯ ಕ್ರಮವೇ. 1996ರಲ್ಲಿ ಜಾಶ್ ಕ್ಲಾರ್ಕ್ ರೂಪಿಸಿದ್ದು, ಲಕ್ಷಾಂತರ ಜನ ಇದರಿಂದಲೇ ಓಡಲು ಕಲಿತಿದ್ದಾರೆ. ಆದರೆ ಅದರ ಮೊದಲ ದಿನವೇ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ. ಅಂದರೆ ನಮ್ಮ 5ನೇ ವಾರ. ಹೊಸಬರು ಸಾಮಾನ್ಯವಾಗಿ ಗಂಟೆಗೆ ಒಂಬತ್ತು ಕಿಲೋಮೀಟರ್ ವೇಗದಲ್ಲಿ ನುಗ್ಗುತ್ತಾರೆ. ಆ ಲೆಕ್ಕದಲ್ಲಿ ಮೊದಲ ವಾರವೇ ಮೂರೂವರೆ ಕಿಲೋಮೀಟರ್ ಓಟ ಆಗಿಹೋಗುತ್ತದೆ. ಇನ್ನೊಂದು ತೊಡಕು ಐದನೇ ವಾರದ್ದು. ಮೊದಲ ದಿನ ಐದೈದು ನಿಮಿಷದ ಮೂರು ತುಂಡು, ಎರಡನೇ ದಿನ ಎಂಟೆಂಟು ನಿಮಿಷದ ಎರಡು ತುಂಡು, ಮೂರನೇ ದಿನ ಒಮ್ಮೆಲೇ 20 ನಿಮಿಷ ನಿಲ್ಲದ ಓಟ. ಹಗುರ ದೇಹದ ಯುವಕರು ಈ ಜಿಗಿತ ದಾಟುತ್ತಾರೆ. ತೂಕದವರು ಇಲ್ಲೇ ಮಂಡಿ ಕೆಳಗಿನ ಮೂಳೆನೋವು ತಂದುಕೊಳ್ಳುತ್ತಾರೆ. ಬಿಎಂಐ 30ರೊಳಗಿದ್ದು ಹಿಂದೆ ಕಬಡ್ಡಿ, ವಾಲಿಬಾಲ್ ಆಡಿ ಅಭ್ಯಾಸ ಇರುವವರು ಇದನ್ನು ಆರಿಸಿಕೊಳ್ಳಲಿ, ಪ್ರತಿ ವಾರವನ್ನೂ ಎರಡೆರಡು ಸಲ ಮಾಡಲಿ.

ನಿಲ್ಲದ ನಿಧಾನ ಓಟ ಉಸಿರಿಗೆ ಹಿತ, ಕಾಲಿಗೆ ಅಲ್ಲ. ನಡುವೆ ನಡಿಗೆಯ ಬಿಡುವು ಇಲ್ಲದೆ ಮೀನಖಂಡ ದಣಿಯುತ್ತದೆ, ದಣಿದ ಸ್ನಾಯು ಹೊಡೆತ ತಾಳಿಕೊಳ್ಳುವುದಿಲ್ಲ, ಉಳಿದದ್ದು ಮೂಳೆಗೇ ಹೋಗುತ್ತದೆ. ಎರಡನೇ ದಾರಿಯಲ್ಲಿ ಮೂರು ತಿಂಗಳು ಕಳೆದ ಮೇಲೆ ಇದಕ್ಕೆ ಬನ್ನಿ.

ಮಂಡಿ ಈಗಾಗಲೇ ಊದಿಕೊಳ್ಳುವವರಿಗೆ ಐದನೆಯದು. ಸೈಕಲ್ಲಿನ ಸೀಟು ತಗ್ಗಿದ್ದರೆ ಮಂಡಿಗೆ ಇನ್ನೂ ಕೆಟ್ಟದ್ದು. ಪೆಡಲ್ ಕೆಳಗೆ ಬಂದಾಗ ಕಾಲು ಸ್ವಲ್ಪವೇ ಮಡಿಚಿರುವಂತೆ ಸೀಟು ಎತ್ತಿಸಿ. ಒಂದು ಮಾತು ನೆನಪಿರಲಿ, ಸೈಕಲ್ಲಿನಿಂದ ಹೃದಯ ಗಟ್ಟಿಯಾಗುತ್ತದೆ, ಮೂಳೆ ಓಟಕ್ಕೆ ತಯಾರಾಗುವುದಿಲ್ಲ. ಆರು ತಿಂಗಳು ಸೈಕಲ್ ತುಳಿದವರೂ ಓಟವನ್ನು ಒಂದನೇ ವಾರದಿಂದಲೇ ಶುರುಮಾಡಬೇಕು.

ಓಡುವ ರೀತಿ

ವೇಗಕ್ಕೆ ಒಂದೇ ಪರೀಕ್ಷೆ: ಪಕ್ಕದವರಿಗೆ ಒಂದು ಪೂರ್ತಿ ವಾಕ್ಯ ಹೇಳಲು ಆಗಬೇಕು. ಎರಡು ಪದಕ್ಕೊಮ್ಮೆ ಉಸಿರು ಕಟ್ಟಿದರೆ ವೇಗ ಹೆಚ್ಚಾಯಿತು. ಬಿರುಸು ನಡಿಗೆಗಿಂತ ತುಸುವೇ ಮುಂದೆ, ಗಂಟೆಗೆ ಆರೂವರೆಯಿಂದ ಏಳು ಕಿಲೋಮೀಟರ್ ಸಾಕು. ಹೆಜ್ಜೆ ಗಿಡ್ಡದಾಗಿರಲಿ, ಪಾದ ಮಂಡಿಗಿಂತ ಮುಂದೆ ಚಾಚಿ ಬೀಳದಿರಲಿ. ಬಲಗಾಲು ನೆಲ ಮುಟ್ಟುವುದನ್ನು 30 ಸೆಕೆಂಡ್ ಎಣಿಸಿ. 36ಕ್ಕಿಂತ ಕಡಿಮೆ ಬಂದರೆ ಹೆಜ್ಜೆ ಉದ್ದವಾಗಿದೆ, 39-40ಕ್ಕೆ ತನ್ನಿ. ಹೆಜ್ಜೆಯ ಸಂಖ್ಯೆ ನೂರಕ್ಕೆ ಐದರಿಂದ ಹತ್ತರಷ್ಟು ಏರಿಸಿದರೂ ಮಂಡಿಯ ಮೇಲಿನ ಹೊರೆ ಗುರುತಾಗುವಷ್ಟು ಇಳಿಯುತ್ತದೆ. ವೀಡಿಯೊ ನೋಡಿ ಬೆರಳ ತುದಿಯ ಮೇಲೆ ಓಡಲು ಹೋಗಬೇಡಿ. ಮಂಡಿಯ ಹೊರೆ ಹಿಮ್ಮಡಿಯ ಮೇಲಿನ ರಜ್ಜುವಿಗೆ ವರ್ಗವಾಗುತ್ತದೆ, ಅದು ಕೆಟ್ಟರೆ ವಾಸಿಯಾಗಲು ಮಂಡಿಗಿಂತ ಹೆಚ್ಚು ಕಾಲ ಬೇಕು.

ನೆಲ: ಟ್ರ್ಯಾಕ್, ಕೆರೆ ದಾರಿ, ಮಣ್ಣು, ರಸ್ತೆ, ಟ್ರೆಡ್‌ಮಿಲ್

ಮೆತ್ತನೆಯ ನೆಲ ಎಂದರೆ ಸುರಕ್ಷಿತ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ನೆಲ ಗಟ್ಟಿಯಾದರೆ ಕಾಲು ತಾನೇ ತುಸು ಸಡಿಲವಾಗಿ ಬೀಳುತ್ತದೆ, ಮೆತ್ತಗಾದರೆ ಬಿಗಿಯಾಗುತ್ತದೆ. ತೂಕದವರಿಗೆ ಹೆಚ್ಚು ಅಪಾಯ ಏರುಪೇರಿನದು. ಕಣಕಾಲು ಹೊರಳಿದರೆ ಆರು ವಾರ ಹೋಯಿತು.

ತುಮಕೂರಿನವರಿಗೆ ಮಹಾತ್ಮ ಗಾಂಧಿ ಕ್ರೀಡಾಂಗಣದ ಟ್ರ್ಯಾಕ್ ಮೊದಲ ಆಯ್ಕೆ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಅಲ್ಲಿಯ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣಗಳು. ನೆಲ ಸಮ, ದೂರ ಗೊತ್ತು, ಸುಸ್ತಾದಾಗ ಗೇಟು ಹತ್ತಿರವೇ ಇರುತ್ತದೆ. ಒಳಗಿನ ಲೇನ್‌ಗಳನ್ನು ಕ್ರೀಡಾಪಟುಗಳಿಗೆ ಬಿಟ್ಟು ಹೊರಗಿನದರಲ್ಲಿ ಓಡಿ. ತಿರುವು ಅಷ್ಟೇನೂ ಬಿಗಿಯಲ್ಲದ್ದರಿಂದ ಒಳಕಾಲಿಗೂ ಒಳ್ಳೆಯದು. ಆದರೆ ಎಂಟನೇ ಲೇನಿನ ಒಂದು ಸುತ್ತು 400 ಮೀಟರ್ ಅಲ್ಲ, ಸುಮಾರು 453. ಲೆಕ್ಕ ಇಡುವವರು ಇದನ್ನು ಮರೆತು ಹತ್ತು ಸುತ್ತಿಗೆ ಅರ್ಧ ಕಿಲೋಮೀಟರ್ ಹೆಚ್ಚು ಓಡಿರುತ್ತಾರೆ. ಪಂದ್ಯಾವಳಿ, ಸರ್ಕಾರಿ ಕಾರ್ಯಕ್ರಮದ ದಿನ ಕ್ರೀಡಾಂಗಣ ಸಿಗುವುದಿಲ್ಲ, ಇನ್ನೊಂದು ಜಾಗವನ್ನೂ ನೋಡಿಟ್ಟುಕೊಳ್ಳಿ.

ತುಮಕೂರಿನ ಅಮಾನಿಕೆರೆಯ ವಾಕಿಂಗ್ ದಾರಿಯಂಥವು ನಡಿಗೆಗೆ ಬಹಳ ಚೆನ್ನ, ಗಾಳಿ ತಂಪು. ಓಟಕ್ಕೆ ಕೆರೆ ದಾರಿಗಳ ದೋಷ ಮೂರು: ಬೆಳಗಿನ ಜನಸಂದಣಿಯಲ್ಲಿ ಪದೇಪದೇ ಪಕ್ಕಕ್ಕೆ ಜಿಗಿಯಬೇಕಾಗುತ್ತದೆ, ಇಂಟರ್‌ಲಾಕ್ ಕಲ್ಲು ಹಾಸಿದ ಕಡೆ ಒಂದೊಂದು ಎದ್ದಿರುತ್ತದೆ, ಮಳೆಗಾಲದಲ್ಲಿ ನೆರಳಿರುವಲ್ಲಿ ಪಾಚಿ ಕಟ್ಟುತ್ತದೆ. ನಡಿಗೆಯ ವಾರಗಳನ್ನು ಇಲ್ಲಿ ಕಳೆದು ಓಟಕ್ಕೆ ಟ್ರ್ಯಾಕಿಗೆ ಹೋಗುವುದು ಒಳ್ಳೆಯ ಹೊಂದಾಣಿಕೆ.

ಕಾಲೇಜು ಮೈದಾನದ ಮಣ್ಣು ನೆಲ ಬೇಸಿಗೆಯಲ್ಲಿ ಸಿಮೆಂಟಿನಷ್ಟೇ ಗಟ್ಟಿ, ಮಳೆ ಬಿದ್ದ ಮರುದಿನ ಕೆಸರು, ಒಣಗಿದ ಮೇಲೆ ಹೆಜ್ಜೆಗುಂಡಿ. ಕ್ರಿಕೆಟ್ ಆಡುವ ಹುಡುಗರು ಬರುವ ಮುನ್ನ, ಬೆಳಕು ಹರಿದ ಮೇಲೆ, ಅಂಚಿನಲ್ಲಿ ಒಮ್ಮೆ ನಡೆದು ನೋಡಿ ಆಮೇಲೆ ಓಡಿ.

ರಸ್ತೆ ಕೊನೆಯ ಆಯ್ಕೆ. ತುಮಕೂರಿನ ಬಿ.ಎಚ್. ರಸ್ತೆ, ರಿಂಗ್ ರಸ್ತೆಗಳಲ್ಲಿ ಮುಂಜಾನೆಯೂ ಬಸ್ಸು, ಲಾರಿ ನಿಲ್ಲುವುದಿಲ್ಲ. ಬಡಾವಣೆಯ ಒಳರಸ್ತೆ ಆಗಬಹುದು. ಡಾಂಬರು ರಸ್ತೆ ನೀರು ಹರಿಯಲೆಂದು ಅಂಚಿಗೆ ಇಳಿಜಾರಾಗಿರುತ್ತದೆ, ಒಂದೇ ಅಂಚಿನಲ್ಲಿ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿ, ಸೊಂಟ ವಾರೆಯಾಗಿ. ವಾಹನ ಇಲ್ಲದ ಕಡೆ ನಡುಭಾಗ ಹಿಡಿಯಿರಿ. ನಾಯಿಗಳು ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ, ಕಣ್ಣಲ್ಲಿ ಕಣ್ಣಿಡದೆ, ಬೆನ್ನು ತೋರಿಸದೆ ನಿಧಾನ ನಡೆದು ಹಿಂದೆ ಸರಿಯಿರಿ. ಕಚ್ಚಿದರೆ, ಪರಚಿದರೂ ಸರಿ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ಅರಿಶಿನ, ಸುಣ್ಣ ಹಚ್ಚಬೇಡಿ.

ದೇವರಾಯನದುರ್ಗದ ರಸ್ತೆ, ಸಿದ್ಧಗಂಗೆ ಬೆಟ್ಟ, ಅಂತರಗಂಗೆ, ನಂದಿ ಬೆಟ್ಟ, ಇವೆಲ್ಲ ಕೈಬೀಸಿ ಕರೆಯುತ್ತವೆ. ಹತ್ತುವುದು ತೂಕದವರಿಗೆ ಚಿನ್ನದಂಥ ವ್ಯಾಯಾಮ: ವೇಗ ಕಡಿಮೆ, ಹೊಡೆತ ಕಡಿಮೆ, ಹೃದಯಕ್ಕೆ ಪೂರ್ತಿ ಕೆಲಸ. ಇಳಿಯುವಾಗ ಮಾತ್ರ ಓಡಲೇಬೇಡಿ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಯೂ ಬ್ರೇಕು, ಅದರ ಭಾರವೆಲ್ಲ ಮಂಡಿಚಿಪ್ಪಿನ ಹಿಂದೆ. ಮೆಟ್ಟಿಲಿದ್ದರೆ ಕಂಬಿ ಹಿಡಿದು ಇಳಿಯಿರಿ.

ಜನ ನೋಡುತ್ತಾರೆ ಎಂಬ ಮುಜುಗರ, ಹೆಂಗಸರಿಗೆ ಬೆಳಗಿನ ಕತ್ತಲೆಯ ಭಯ, ಇವು ಸಣ್ಣ ಕಾರಣಗಳಲ್ಲ. ಅಂಥವರಿಗೆ ಟ್ರೆಡ್‌ಮಿಲ್ ನಿಜಕ್ಕೂ ಒಳ್ಳೆಯದು. ಕೊಳ್ಳುವ ಮುನ್ನ ಎಷ್ಟು ತೂಕದವರಿಗೆ ಎಂಬ ಚೀಟಿ ನೋಡಿ. ಮನೆಬಳಕೆಯ ಅನೇಕ ಯಂತ್ರಗಳಿಗೆ 100ರಿಂದ 120 ಕೆ.ಜಿ. ಮಿತಿ. ನಿಮ್ಮ ತೂಕಕ್ಕಿಂತ 20 ಕೆ.ಜಿ. ಹೆಚ್ಚು ತಡೆಯುವುದನ್ನೇ ಕೊಳ್ಳಿ. ಅಷ್ಟು ದುಡ್ಡಿಲ್ಲದಿದ್ದರೆ ಜಿಮ್ಮಿನದೇ ವಾಸಿ. ಕಂಬಿ ಹಿಡಿದುಕೊಂಡು ಓಡಿದರೆ ಅಭ್ಯಾಸವೂ ಆಗುವುದಿಲ್ಲ, ಭುಜವೂ ನೋಯುತ್ತದೆ. ಬಿದ್ದರೆ ಯಂತ್ರ ನಿಲ್ಲಿಸುವ ಕ್ಲಿಪ್ಪಿನ ದಾರವನ್ನು ಬಟ್ಟೆಗೆ ಸಿಕ್ಕಿಸಿಕೊಳ್ಳುವುದು ಕಡ್ಡಾಯ, ಎದುರಿಗೆ ಫ್ಯಾನ್ ಬೇಕು.

ಶೂ ಮತ್ತು ಬಟ್ಟೆ

ಶೂ ಆಯ್ಕೆಯಲ್ಲಿ ಬ್ರ್ಯಾಂಡಿಗಿಂತ ಅಗಲ ಮುಖ್ಯ. ತೂಕದವರ ಪಾದ ನಿಂತಾಗ ಹರಡುತ್ತದೆ, ಬದಿ ಒತ್ತುವ ಶೂ ಬೆರಳು ಜೋಮು ಹಿಡಿಸುತ್ತದೆ. ಸಂಜೆ ಹೊತ್ತು, ಪಾದ ತುಸು ಊದಿರುವಾಗ, ಓಡುವಾಗ ಹಾಕುವ ಸಾಕ್ಸ್ ಹಾಕಿಕೊಂಡೇ ನೋಡಿ. ನಿಂತಾಗ ಉದ್ದದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಇರಬೇಕು. ಬಗ್ಗಿಸಿದರೆ ಬೆರಳ ಬುಡದಲ್ಲಿ ಬಾಗಬೇಕು, ನಡುವಿನಲ್ಲಿ ಮಡಚಿದರೆ ಬೇಡ. ಹಿಮ್ಮಡಿ ಹಿಡಿಯುವ ಭಾಗವನ್ನು ಎರಡು ಬೆರಳಲ್ಲಿ ಹಿಸುಕಿದರೆ ಕುಸಿಯಬಾರದು.

ಮೆತ್ತನೆಯ ಮೆಮೊರಿ ಫೋಮ್ ಶೂ ಅಂಗಡಿಯಲ್ಲಿ ಹಿತ, ಮೈದಾನದಲ್ಲಿ ಅಲ್ಲ. ಭಾರಕ್ಕೆ ಅದು ತಳ ಮುಟ್ಟಿಬಿಡುತ್ತದೆ, ಪಾದ ಒಳಕ್ಕೆ ವಾಲುತ್ತದೆ. ದಪ್ಪವಾದ, ಆದರೆ ಒತ್ತಿದರೆ ಮರಳಿ ಪುಟಿಯುವ ಅಡಿಯನ್ನು ಆರಿಸಿ, ತಳ ಅಗಲವಾಗಿರಲಿ. ಹಿಮ್ಮಡಿ ಬೆರಳಿಗಿಂತ 8ರಿಂದ 12 ಮಿ.ಮೀ. ಎತ್ತರವಿರುವುದು ಬಿಗಿ ಮೀನಖಂಡದ ಹೊಸಬರಿಗೆ ಸರಿ. ನಡಿಗೆಯ ವಾರಗಳಿಗೆ ಕ್ಯಾಂಪಸ್, ಸ್ಪಾರ್ಕ್ಸ್, ಏಷ್ಯನ್‌ನಂಥ ಸಾಮಾನ್ಯ ಶೂಗಳೇ ಸಾಕು. ಓಟಕ್ಕೆ ಇಳಿಯುವಾಗ ಡೆಕತ್ಲಾನ್, ಆಸಿಕ್ಸ್‌ನಂಥ ಕಡೆ ಓಟಕ್ಕೆಂದೇ ಮಾಡಿದ ಜೋಡಿ ನೋಡಿ. ನ್ಯೂ ಬ್ಯಾಲೆನ್ಸ್, ಬ್ರೂಕ್ಸ್ ಅಗಲ ಪಾದದ ಅಳತೆಗಳನ್ನೂ ಮಾಡುತ್ತವೆ, ಡಬ್ಬಿಯ ಮೇಲೆ '2ಇ', '4ಇ' ಎಂಬ ಗುರುತು ಹುಡುಕಿ. ಆನ್‌ಲೈನಿನಲ್ಲಿ ಕೊಂಡರೆ ಹಿಂದಿರುಗಿಸುವ ಅವಕಾಶ ಮುಗಿಯುವವರೆಗೆ ಮನೆಯೊಳಗೇ ನಡೆದು ನೋಡಿ. ತೂಕದವರಿಗೆ ಒಂದು ಜೋಡಿ 400ರಿಂದ 500 ಕಿಲೋಮೀಟರ್ ಬಾಳುತ್ತದೆ. ಮೇಲ್ಭಾಗ ಹೊಸದಂತೆ ಕಂಡರೂ ಅಡಿಯ ಸುಕ್ಕು ಆಳವಾಗಿದ್ದರೆ ಅದನ್ನು ಸಂತೆಗೆ ಹೋಗಲು ಬಳಸಿ.

ತೊಡೆ ಉಜ್ಜಿ ಸುಲಿಯುವುದು ಮೊದಲ ವಾರವೇ ಶುರು. ಕಾಟನ್ ಪ್ಯಾಂಟು ಬೆವರು ಹಿಡಿದು ಇನ್ನಷ್ಟು ಉಜ್ಜುತ್ತದೆ. ಮಂಡಿವರೆಗಿನ ಬಿಗಿ ಸೈಕ್ಲಿಂಗ್ ಚಡ್ಡಿಯನ್ನು ಒಳಗೆ ಹಾಕಿ, ಮೇಲೆ ನಿಮಗೆ ಸರಿಕಂಡದ್ದು. ತೊಡೆಸಂದಿ, ಕಂಕುಳಿಗೆ ವ್ಯಾಸಲೀನ್ ಹಚ್ಚಿ. ಕೊಬ್ಬರಿ ಎಣ್ಣೆ ಬೇಗ ಇಳಿದುಹೋಗುತ್ತದೆ. ಮನೆಗೆ ಬಂದ ಕೂಡಲೇ ಒದ್ದೆ ಬಟ್ಟೆ ಬಿಚ್ಚಿ, ಇಲ್ಲದಿದ್ದರೆ ಗಜಕರ್ಣ ಖಂಡಿತ.

ಹೆಂಗಸರು ಓಟಕ್ಕೆಂದೇ ಇರುವ, ಪಟ್ಟಿ ಅಗಲವಾದ ಸ್ಪೋರ್ಟ್ಸ್ ಬ್ರಾ ಕೊಳ್ಳಿ. ಕೆಳಪಟ್ಟಿಯೊಳಗೆ ಎರಡು ಬೆರಳು ಮಾತ್ರ ಹೋಗುವಷ್ಟು ಬಿಗಿ ಇರಲಿ. ಹೆರಿಗೆಯಾಗಿ ಕನಿಷ್ಠ ಹನ್ನೆರಡು ವಾರ ಓಟ ಬೇಡ. ಓಡುವಾಗ ಮೂತ್ರ ಜಿನುಗಿದರೆ ನಾಚಿ ಸುಮ್ಮನಾಗಬೇಡಿ. ಕಿಬ್ಬೊಟ್ಟೆಯ ತಳದ ಸ್ನಾಯು ಸೋತಿರುವುದರಿಂದ ಹಾಗಾಗುತ್ತದೆ, ಫಿಸಿಯೋಥೆರಪಿ ವ್ಯಾಯಾಮದಿಂದ ಬಹುಪಾಲು ಸರಿಹೋಗುತ್ತದೆ.

ಬೆಳಗ್ಗೆಯೋ ಸಂಜೆಯೋ, ತಿಂದೋ ಖಾಲಿ ಹೊಟ್ಟೆಯೋ

ಬೆಳಗ್ಗೆ. ದೊಡ್ಡ ದೇಹ ಬಿಸಿ ಹೊರಹಾಕಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಏಪ್ರಿಲಿನ ಸಂಜೆ ಐದಕ್ಕೂ ಡಾಂಬರು ಕಾದಿರುತ್ತದೆ, ಆಮೇಲೆ ಗುಡುಗು ಮಳೆ. ಮಾರ್ಚಿಯಿಂದ ಮೇವರೆಗೆ ಆರೂಕಾಲರಿಂದ ಏಳರೊಳಗೆ ಮುಗಿಸಿ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಆರೂಮುಕ್ಕಾಲರ ಸುಮಾರಿಗೆ. ಮಂಜಿನಲ್ಲಿ ರಸ್ತೆಗೆ ಇಳಿಯದೆ ಏಳರ ನಂತರ ಹೊರಡಿ, ಚಳಿಗೆ ಬಿಗಿದ ಕಾಲಿಗೆ ಮುನ್ನಡಿಗೆಯನ್ನು ಹನ್ನೆರಡು ನಿಮಿಷ ಮಾಡಿ. ಸಂಜೆ ಮಾತ್ರ ಬಿಡುವಿರುವವರು ಓಡದೆ ಬಿಡುವುದಕ್ಕಿಂತ ಸಂಜೆ ಓಡಲಿ, ಊಟವಾಗಿ ಮೂರು ಗಂಟೆ ಕಳೆದಿರಲಿ.

ಸಕ್ಕರೆ ಮಾತ್ರೆ ಇಲ್ಲದವರಿಗೆ ಅರ್ಧ ಗಂಟೆಯ ಓಟಕ್ಕೆ ಒಂದು ಲೋಟ ನೀರು ಸಾಕು. ತೂಕ ಇಳಿಯುವ ಲೆಕ್ಕವನ್ನು ಓಟದ ಮೇಲೆ ಹೊರಿಸಬೇಡಿ. ಒಂದು ಕಿಲೋಮೀಟರಿಗೆ ಖರ್ಚಾಗುವುದು ಮೈತೂಕದ ಪ್ರತಿ ಕೆ.ಜಿ.ಗೆ ಸುಮಾರು ಒಂದು ಕಿಲೋ ಕ್ಯಾಲೊರಿ. 95 ಕೆ.ಜಿ. ಇರುವವರು ಮೂರು ಕಿಲೋಮೀಟರ್ ಓಡಿದರೆ 285. ಬರುವ ದಾರಿಯಲ್ಲಿ ಕ್ಯಾತ್ಸಂದ್ರದ ಬೆಣ್ಣೆ ಸವರಿದ ತಟ್ಟೆ ಇಡ್ಲಿ ಎರಡು, ಒಂದು ವಡೆ ತಿಂದರೆ ಅದು ಮರಳಿ ಬಂತು. ಮುದ್ದೆ ಗಾತ್ರ ಇಳಿಸಿ ಸೊಪ್ಪು, ಹುರುಳಿ, ಅವರೆ, ಮೊಟ್ಟೆ ಹೆಚ್ಚಿಸುವುದು ಬೇರೆಯೇ ಕೆಲಸ, ಅದನ್ನೂ ಮಾಡಿ.

ಈ ನೋವಿಗೆ ಓಡಬಹುದೇ

ಹತ್ತಕ್ಕೆ ಎಷ್ಟು ನೋವು ಎಂದು ನಿಮಗೆ ನೀವೇ ಅಂಕ ಕೊಡಿ. ಮೂರರೊಳಗಿದ್ದು, ಓಡುತ್ತಾ ಹೆಚ್ಚದೆ, ಮರುದಿನ ಬೆಳಗ್ಗೆಗೆ ಮೊದಲಿನಂತಾದರೆ ಅದೇ ವಾರವನ್ನು ಮತ್ತೊಮ್ಮೆ ಮಾಡಿ. ಕುಂಟಿಸುವ ನೋವಿಗೆ ಅಂಕ ಎಷ್ಟೇ ಇರಲಿ, ಅಲ್ಲಿಂದಲೇ ನಡೆದು ಮನೆಗೆ.

ತೊಡೆ, ಮೀನಖಂಡ ಎರಡೂ ಕಡೆ ಒಂದೇ ತೆರನಾಗಿ ಬಿಗಿದಿದ್ದರೆ ಅದು ಹೊಸ ಕೆಲಸದ ನೋವು, ಎರಡು ದಿನಕ್ಕೆ ಇಳಿಯುತ್ತದೆ. ಮಂಡಿ ಕೆಳಗಿನ ಮೂಳೆಯ ಒಳ ಅಂಚಿನುದ್ದಕ್ಕೂ ನೋವಿದ್ದರೆ ಹೊರೆ ಬೇಗ ಏರಿದೆ. ಎರಡು ವಾರ ಬರೀ ನಡಿಗೆ, ಆಮೇಲೆ ಎರಡು ವಾರ ಹಿಂದಿನ ಹಂತದಿಂದ. ಅದೇ ಮೂಳೆಯಲ್ಲಿ ಒಂದು ಬೆರಳು ಇಟ್ಟು ತೋರಿಸುವಂಥ ಚುಕ್ಕೆ ನೋವು, ರಾತ್ರಿಯೂ ಕಾಡುವುದು, ಅದು ಮೂಳೆಯ ಸಣ್ಣ ಬಿರುಕಿರಬಹುದು. ಓಟ ನಿಲ್ಲಿಸಿ ತೋರಿಸಿ. ಮೊದಮೊದಲು ಎಕ್ಸ್‌ರೇಯಲ್ಲಿ ಕಾಣದೆಯೂ ಇರುತ್ತದೆ ಎಂಬುದು ಗೊತ್ತಿರಲಿ. ಬೆಳಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿಯ ಅಡಿ ಚುಚ್ಚಿ, ನಡೆದಂತೆ ಕಡಿಮೆಯಾದರೆ ಅಂಗಾಲಿನ ಪಟ್ಟಿಯದು. ಮನೆಯೊಳಗೆ ಬರಿಗಾಲಲ್ಲಿ ಗ್ರಾನೈಟ್ ನೆಲದ ಮೇಲೆ ಓಡಾಡದೆ ಮೆತ್ತನೆ ಚಪ್ಪಲಿ ಹಾಕಿ, ಮೀನಖಂಡದ ವ್ಯಾಯಾಮ ಮಾಡಿ. ಮಂಡಿಚಿಪ್ಪಿನ ಸುತ್ತ ಮೆಟ್ಟಿಲು ಇಳಿಯುವಾಗ ನೋವು ಬಂದರೆ ಹೆಜ್ಜೆ ಗಿಡ್ಡ ಮಾಡಿ, ಇಳಿಜಾರು ಬಿಡಿ. ಮಂಡಿ ಊದಿದರೆ ಅಥವಾ ಸಿಕ್ಕಿಹಾಕಿಕೊಂಡರೆ ವೈದ್ಯರು. ಒಂದೇ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಅಂದೇ ಆಸ್ಪತ್ರೆಗೆ, ರಕ್ತ ಹೆಪ್ಪುಗಟ್ಟಿರಬಹುದು.

ನೋವಿನ ಮಾತ್ರೆ ನುಂಗಿ ಓಡುವುದನ್ನು ಪೂರ್ತಿ ಬಿಡಿ. ನಿಲ್ಲು ಎನ್ನುವ ಸೂಚನೆಯೇ ಮುಚ್ಚಿಹೋಗುತ್ತದೆ.

ನಾಲ್ಕನೇ ದಿನವೂ ಓಡಬೇಕು ಅನ್ನಿಸಿದಾಗ ಆ ದಿನವನ್ನು ಕಾಲು ಗಟ್ಟಿ ಮಾಡಲು ಕೊಡಿ. ಕುರ್ಚಿಯಿಂದ ಏಳುವುದು 10 ಸಲದ ಮೂರು ಸುತ್ತು, ಹಿಮ್ಮಡಿ ಎತ್ತುವುದು 15 ಸಲದ ಮೂರು ಸುತ್ತು, ಅಂಗಾತ ಮಲಗಿ ಸೊಂಟ ಎತ್ತುವುದು 12 ಸಲದ ಎರಡು ಸುತ್ತು. ಇಪ್ಪತ್ತು ನಿಮಿಷದ ಕೆಲಸ, ವಾರಕ್ಕೆರಡು ಸಲ.

ನಡುವೆ ಬಿಟ್ಟುಹೋದರೆ

ಹಬ್ಬ, ಮದುವೆ, ಊರ ಜಾತ್ರೆ ಎಂದು ಒಂದು ವಾರ ತಪ್ಪಿದರೆ ಬಿಟ್ಟ ವಾರವನ್ನೇ ಮತ್ತೆ ಮಾಡಿ. ಎರಡು ವಾರ ತಪ್ಪಿದರೆ ಎರಡು ಹಂತ ಹಿಂದಕ್ಕೆ. ಒಂದು ತಿಂಗಳಾದರೆ ನಾಲ್ಕು ಪರೀಕ್ಷೆಯಿಂದ ಶುರು. ಜ್ವರ ಬಿಟ್ಟ ಮೇಲೆ ಒಂದು ವಾರ ನಡಿಗೆ ಮಾತ್ರ. ಡೆಂಗಿ ಬಂದಿದ್ದರೆ ಪ್ಲೇಟ್‌ಲೆಟ್ ಸರಿಹೋಗಿ ವೈದ್ಯರು ಹೇಳುವವರೆಗೆ ಓಟ ಬೇಡ. ಚಿಕೂನ್‌ಗುನ್ಯಾ ಆಗಿದ್ದರೆ ಬೆಳಗಿನ ಕೀಲುಬಿಗಿತ ಪೂರ್ತಿ ಹೋಗುವವರೆಗೆ ಸೈಕಲ್ ತುಳಿಯಿರಿ, ಅದಕ್ಕೆ ತಿಂಗಳುಗಳೇ ಹಿಡಿಯಬಹುದು.